ಪದಚರ್ಚೆ: ‘ಬ್ರೌನ್ ಕಾರ್ಬನ್’ ಮತ್ತು ಅದು ಹೀರುವ ಬೆಳಕು – ನಾಳೆಯೇ ಅಚ್ಚಿಗೆ

ಮಿತ್ರರೇ, ವಿಜ್ಞಾನ ಪ್ರದರ್ಶನವೊಂದರ ಫಲಕದ ಪಠ್ಯವನ್ನು ನಾಳೆ ಬೆಳಿಗ್ಗೆ ಮುದ್ರಕರಿಗೆ ಕೊಡಬೇಕು. ಗಂಗಾ ಬಯಲಿನಲ್ಲಿ ಕೂಳೆ ಸುಟ್ಟ ಹೊಗೆಯಲ್ಲಿರುವ ಬ್ರೌನ್ ಕಾರ್ಬನ್ ಏರೋಸಾಲ್ (ಗಾಳಿಯಲ್ಲಿ ತೇಲುವ, ಇಂಗಾಲವುಳ್ಳ ಕಂದು ಬಣ್ಣದ ಸೂಕ್ಷ್ಮ ಕಣಗಳು) ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ವಿಷಯ. ‘ಕಂದು ಇಂಗಾಲದ ವಾಯುದ್ರವಗಳ ಪ್ರಕಾಶ ಅವಶೋಷಣ ಮಾಪನ’ ಎಂದು ಬರೆದಿದ್ದೇನೆ. ನಡೆಯುತ್ತದೆಯೇ? ಅಬ್ಸಾರ್ಪ್ಷನ್ (ಬೆಳಕು ಹೀರುವುದು), ಅಟೆನ್ಯುಯೇಶನ್ (ದಾಟಿಬರುವ ಬೆಳಕು ತಗ್ಗುವುದು) ಎರಡಕ್ಕೂ ಒಂದೇ ಪದ ಸಾಕೇ?

ಮರು:
ಸಾಲದು. ಇದನ್ನು ಅಳೆಯುವ ಈಥಲೋಮೀಟರ್ ಎಂಬ ಉಪಕರಣ ಗಾಳಿಯನ್ನು ಎಳೆದು ಸೋಸುಪಟ್ಟಿಯ ಮೇಲೆ ಕಣಗಳನ್ನು ಕೂರಿಸುತ್ತದೆ. ಚುಕ್ಕೆ ಕಪ್ಪಾಗುತ್ತ ಹೋದಂತೆ ಪಟ್ಟಿಯ ಆಚೆಗೆ ದಾಟುವ ಬೆಳಕು ತಗ್ಗುತ್ತದೆ. ತಗ್ಗಿದ್ದನ್ನೆಲ್ಲ ಹೀರಿಕೆಯ ಲೆಕ್ಕಕ್ಕೆ ಹಾಕುವಂತಿಲ್ಲ. ಪಟ್ಟಿಯ ಎಳೆಗಳ ನಡುವೆ ಬೆಳಕು ಚದುರಿ ಅದೇ ಕಣಕ್ಕೆ ಮತ್ತೆ ಮತ್ತೆ ತಾಗುವುದರಿಂದ ಅಂಕಿ ಹಿಗ್ಗಿರುತ್ತದೆ, ತಿದ್ದಿಯೇ ಬಳಸಬೇಕು. ಉಪಕರಣ ಕಾಣುವುದು ‘ತಗ್ಗುವಿಕೆ’, ತಿದ್ದಿದ ಮೇಲೆ ಸಿಗುವುದು ‘ಹೀರಿಕೆ’. ಫೋಟೊಅಕೌಸ್ಟಿಕ್ ಉಪಕರಣದಲ್ಲಿ ಈ ತಕರಾರಿಲ್ಲ: ಲೇಸರ್ ಬೆಳಕು ಹೀರಿ ಬಿಸಿಯಾದ ಕಣ ಸುತ್ತಲ ಗಾಳಿಯನ್ನು ಹಿಗ್ಗಿಸುತ್ತದೆ, ಆ ಹಿಗ್ಗಿನಿಂದ ಎದ್ದ ಸದ್ದನ್ನು ಮೈಕ್ರೊಫೋನ್ ಹಿಡಿಯುತ್ತದೆ.

‘ವಾಯುದ್ರವ’ ಬೇಡವೇ ಬೇಡ. ಹೊಗೆಯ ಮಸಿ ಯಾವ ದ್ರವ? ‘ತೇಲುಕಣ’ ಎನ್ನಿ. ಈಥಲೋಮೀಟರ್ ಎಂಬ ಹೆಸರಿನಲ್ಲಿರುವ ಗ್ರೀಕ್ ಮೂಲದ ಅರ್ಥವೂ ಮಸಿ ಹಿಡಿಸುವುದೇ. ‘ಮಸಿಮಾಪಕ’ ಎಂದು ಧೈರ್ಯವಾಗಿ ಬರೆಯಿರಿ. ‘ಕಂದು’ ಮಾತ್ರ ಬಿಡಬೇಡಿ. ಬರಿಯ ಬಣ್ಣದ ಹೆಸರಲ್ಲ, ಬಾಡು, ಕಳೆಗುಂದು ಎಂಬ ಕ್ರಿಯಾಪದವೂ ಹೌದು. ಈ ಕಣಗಳ ಬಣ್ಣವೂ ಬಿಸಿಲಿನಲ್ಲಿ ಮಾಸುತ್ತದೆ!

ಮರು:
ಬಿಸಿಲಿಗೆ ಮಾಸುವ ಎಲ್ಲಕ್ಕೂ ಕಂದು ಎನ್ನಲಾದೀತೇ? ವಾದವೇ ಅಲ್ಲ. ‘ಇಂಗಾಲ’ದ ಬಗ್ಗೆ ಯಾರೂ ಮಾತೆತ್ತಿಲ್ಲ. ಅದು ಸಂಸ್ಕೃತದ ಅಂಗಾರ, ಪ್ರಾಕೃತದ ದಾರಿಯಲ್ಲಿ ಬಂದದ್ದು. ‘ಕರಿ’ ಇರುವಾಗ ಸಾಲ ಏಕೆ?

ಮರು:
‘ಕಂದು ಕರಿ’ ಎಂದರೆ ಪ್ರದರ್ಶನಕ್ಕೆ ಬಂದ ಮಕ್ಕಳು ಆನೆಯನ್ನು ಹುಡುಕುತ್ತಾರೆ. ಮೇಲಾಗಿ ಕರಿಯಿಂದ ಕಂದನ್ನು ಬಿಡಿಸುವುದೇ ಇಲ್ಲಿನ ಕೆಲಸ. ಏಳು ತರಂಗಾಂತರಗಳ ಉಪಕರಣ 370ರಿಂದ 950 ನ್ಯಾನೊಮೀಟರ್‌ವರೆಗೆ ನೋಡುತ್ತದೆ. 880ರಲ್ಲಿ ಹೀರುವುದು ಬಹುಮಟ್ಟಿಗೆ ಕಪ್ಪು ಇಂಗಾಲ, ಅಂದರೆ ಮಸಿ. ತರಂಗಾಂತರ ಕಿರಿದಾದಂತೆ ಹೀರಿಕೆ ಎಷ್ಟು ಬೇಗ ಏರುತ್ತದೆಂದು ಹೇಳುವ ಆಂಗ್‌ಸ್ಟ್ರಾಮ್ ಘಾತಾಂಕ ಕಪ್ಪಿಗೆ ಸುಮಾರು 1, ಕಂದಿಗೆ ಅದಕ್ಕಿಂತ ಬಹಳ ಹೆಚ್ಚು. ಆ 1ನ್ನು ನಂಬಿ 880ರಿಂದ 370ಕ್ಕೆ ಲೆಕ್ಕ ಇಳಿಸಿ, ಅಲ್ಲಿ ಮಿಕ್ಕ ಹೀರಿಕೆಯನ್ನು ಕಂದಿನ ಖಾತೆಗೆ ಬರೆಯುತ್ತಾರೆ. ಕಪ್ಪಿನ ಘಾತಾಂಕ ಕೊಂಚ ಸರಿದರೂ ಖಾತೆ ಏರುಪೇರು. ಇಷ್ಟು ಸೂಕ್ಷ್ಮದಲ್ಲಿ ‘ಕರಿ’ ತುರುಕುವುದೇ?

ಮರು:
ಎಲ್ಲರಿಗೂ ಧನ್ಯವಾದ. ‘ಕಂದು ಇಂಗಾಲದ ತೇಲುಕಣಗಳು ಹೀರುವ ಬೆಳಕನ್ನು ಅಳೆಯುವ ಬಗೆ’ ಎಂದು ಫಲಕಕ್ಕೆ ಕಳುಹಿಸುತ್ತಿದ್ದೇನೆ.

ಮರು:
‘ಫಲಕ’ ಏಕೆ? ‘ಹಲಗೆ’ ಎನ್ನಿ.

ಮರು:
ಹಲಗೆ ಫಲಕದ ತದ್ಭವ, ಸ್ವಾಮಿ.

ಮರು:
ತಮಿಳಿನ ‘ಪಲಗೈ’ ನೋಡಿ ಆಮೇಲೆ ಹೇಳಿ. ನಮ್ಮ ಹಳಗನ್ನಡದ ಪಲಗೆಯೇ ಸಂಸ್ಕೃತಕ್ಕೆ ಹೋಗಿರಬಾರದೇಕೆ?