ಮಗಳ ಜೊತೆ ಮೊದಲ ಕಾರ್ಟ್ ಕಟ್ಟಬೇಕೆಂದಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಮಗಳಿಗೆ ಹದಿನಾಲ್ಕು ವರ್ಷ. ಬಾಡಿಗೆ ಗೋ-ಕಾರ್ಟ್ (ನೆಲಕ್ಕೆ ತಗ್ಗಿದ ಪುಟ್ಟ ರೇಸ್ ಗಾಡಿ) ಓಡಿಸಿ ಬಂದ ದಿನದಿಂದ ಸ್ವಂತದ್ದೊಂದನ್ನು ಕಟ್ಟೋಣ ಎಂದು ಹಿಂದೆ ಬಿದ್ದಿದ್ದಾಳೆ. ನನಗೆ ಬೈಕ್ ರಿಪೇರಿ ತಕ್ಕಮಟ್ಟಿಗೆ ಬರುತ್ತದೆ, ವೆಲ್ಡಿಂಗ್ ಈಚೆಗೆ ಕಲಿತಿದ್ದೇನೆ. ಹಳೆಯ 125 ಸಿಸಿ ಟೂ ಸ್ಟ್ರೋಕ್ ರೇಸಿಂಗ್ ಎಂಜಿನ್ ಒಂದು ಸಿಗುವಂತಿದೆ. ನೀರೆತ್ತುವ ಪಂಪಿನ 200 ಸಿಸಿ ಫೋರ್ ಸ್ಟ್ರೋಕ್ ಎಂಜಿನ್ ಮನೆಯಲ್ಲೇ ಇದೆ. ಯಾವುದನ್ನು ಕೂರಿಸಲಿ? ಚಾಸಿಯನ್ನು, ಅಂದರೆ ಕೊಳವೆಗಳ ಚೌಕಟ್ಟನ್ನು, ನಾನೇ ಬೆಸೆಯಬಹುದೇ? ಒಂದೆರಡು ವರ್ಷದಲ್ಲಿ ಅವಳು ಸ್ಪರ್ಧೆಗೆ ಇಳಿಯಲಿ ಎಂಬ ಆಸೆಯೂ ಇದೆ. ಕಟ್ಟಿ ಓಡಿಸಿದವರು ದಯವಿಟ್ಟು ಅನುಭವ ಹೇಳಿ.

ಉತ್ತರ 1: ನನ್ನ ಮೊದಲ ಕಾರ್ಟ್ ಕಟ್ಟಿದಾಗ ನನಗೆ ಹದಿನೇಳು ವರ್ಷ, ಈಗ ಅರವತ್ತೆರಡು. ಈ ನಡುವೆ ಕಾರ್ಟ್‌ಗಳು, ಟೂ ಸ್ಟ್ರೋಕ್ ಬೈಕ್‌ಗಳು, ಬೆಟ್ಟ ಹತ್ತುವ ಸ್ಪರ್ಧೆಗೆಂದು ಒಂದು ಹಗುರ ಕಾರು ಎಲ್ಲವನ್ನೂ ಕಟ್ಟಿದ್ದೇನೆ. ನಿಮ್ಮ ಪ್ರಶ್ನೆ ಓದಿ ನಿಜಕ್ಕೂ ಸಂತೋಷವಾಯಿತು. ಪಂಪಿನ ಎಂಜಿನ್ನನ್ನೇ ಕೂರಿಸಿ.

ಕಾರಣ ಹೇಳುತ್ತೇನೆ. ನಾನು ಶುರು ಮಾಡಿದ್ದೇ ಟೂ ಸ್ಟ್ರೋಕ್ ರೇಸಿಂಗ್ ಎಂಜಿನ್ನಿನಿಂದ. ಮೊದಲ ವರ್ಷ ಹನ್ನೊಂದು ಸ್ಪರ್ಧೆಗಳಿಗೆ ಹೋಗಿ ಮೂರನ್ನು ಮಾತ್ರ ಮುಗಿಸಿದೆ. ಅದರಲ್ಲಿ ಒಂದು ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಿಂದಿನ ದಿನ ಮಧ್ಯಾಹ್ನದ ಬಿಸಿಲಿನಲ್ಲಿ ಕಾರ್ಬ್ಯುರೇಟರಿನ ಜೆಟ್ (ಎಷ್ಟು ಪೆಟ್ರೋಲ್ ಹರಿಯಬೇಕೆಂದು ನಿರ್ಧರಿಸುವ ಸಣ್ಣ ತೂತಿನ ಭಾಗ) ಹೊಂದಿಸಿದ್ದೆ, ಎಂಜಿನ್ ಸೊಗಸಾಗಿ ಹಾಡುತ್ತಿತ್ತು. ಮರುದಿನ ಬೆಳಗ್ಗೆ ಕೊರೆಯುವ ಚಳಿ. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ. ಅದೇ ಜೆಟ್ಟಿಗೆ ಹೆಚ್ಚು ಗಾಳಿ ಸೇರಿ ಮಿಶ್ರಣದಲ್ಲಿ ಪೆಟ್ರೋಲ್ ಸಾಲದಾಯಿತು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆಯಲ್ಲೇ ಎಣ್ಣೆ ಹೋಗಬೇಕು, ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ನೇರ ಹಾದಿಯ ಕೊನೆಯಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತು. ಆ ಕಾರ್ಟಿಗೆ ಕ್ಲಚ್ ಇರಲಿಲ್ಲ, ಎಂಜಿನ್ನಿನಿಂದ ಚೈನ್ ನೇರ ಆಕ್ಸಲ್ಲಿಗೆ. ಹಿಂದಿನ ಎರಡೂ ಚಕ್ರ ಒಮ್ಮೆಗೇ ಬಿಗಿದು ನಾನು ಮೂರು ಸುತ್ತು ಗಿರ್ರನೆ ತಿರುಗಿ ಹುಲ್ಲಿನ ಮೇಲೆ ನಿಂತೆ. ಹಿಂದೆ ಬರುತ್ತಿದ್ದವನು ಕೈಯಳತೆಯಲ್ಲಿ ತಪ್ಪಿಸಿಕೊಂಡು ಹೋದ. ಹದಿನಾಲ್ಕರ ಹುಡುಗಿಗೆ ಆ ಪಾಠ ಬೇಡ.

ಪಂಪಿನ ಎಂಜಿನ್ನಿನಲ್ಲಿ ಗವರ್ನರ್ ಇರುತ್ತದೆ, ಸಾಮಾನ್ಯವಾಗಿ ಅದು ವೇಗವನ್ನು ನಿಮಿಷಕ್ಕೆ 3600 ಸುತ್ತಿನ ಆಸುಪಾಸಿನಲ್ಲೇ ತಡೆಯುತ್ತದೆ. ಲೆಕ್ಕ ಹಾಕಿ ನೋಡಿ: ಚೈನ್ ಕೂರುವ ಹಲ್ಲಿನ ಚಕ್ರಕ್ಕೆ (ಸ್ಪ್ರಾಕೆಟ್) ಎಂಜಿನ್ ಕಡೆ 12 ಹಲ್ಲು, ಆಕ್ಸಲ್ ಕಡೆ 72 ಹಲ್ಲು ಎಂದರೆ ಆರಕ್ಕೆ ಒಂದು. ಆಕ್ಸಲ್ ನಿಮಿಷಕ್ಕೆ 600 ಸುತ್ತು ತಿರುಗುತ್ತದೆ. ಹಿಂದಿನ ಟೈರಿನ ವ್ಯಾಸ 28 ಸೆಂಟಿಮೀಟರ್ ಇದ್ದರೆ ಸುತ್ತಳತೆ ಸುಮಾರು 88 ಸೆಂಟಿಮೀಟರ್. ಗಂಟೆಗೆ ಹತ್ತಿರಹತ್ತಿರ 32 ಕಿಲೋಮೀಟರ್ ವೇಗ. ಕೇಳುವುದಕ್ಕೆ ಕಡಿಮೆ ಎನಿಸಬಹುದು. ನೆಲದಿಂದ ಗೇಣೆತ್ತರದಲ್ಲಿ ಕುಳಿತವರಿಗೆ ಅದು ಕಡಿಮೆ ಅಲ್ಲ. ಆಮೇಲೆ 72ರ ಬದಲು 60 ಹಲ್ಲಿನದನ್ನು ಹಾಕಿದರೆ 38ಕ್ಕೆ ಏರುತ್ತದೆ. ಈ ಲೆಕ್ಕವನ್ನು ಮಗಳಿಂದಲೇ ಮಾಡಿಸಿ. ಎಂಜಿನ್ನಿಗೂ ಚೈನಿಗೂ ನಡುವೆ ಸೆಂಟ್ರಿಫ್ಯೂಗಲ್ ಕ್ಲಚ್ (ಎಂಜಿನ್ ವೇಗ ಏರಿದಾಗ ತಾನಾಗಿಯೇ ಹಿಡಿಯುವ ಕ್ಲಚ್) ಇರಲಿ.

ಇನ್ನು ಚಾಸಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಬಹಳ ಜನ ಎಡವುವುದು ಇಲ್ಲೇ. ಕಾರ್ಟಿಗೆ ಸಸ್ಪೆನ್ಶನ್ ಇಲ್ಲ, ಎರಡು ಹಿಂಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ಲೂ ಇಲ್ಲ. ಹಿಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಆಕ್ಸಲ್ಲಿಗೆ ಬಿಗಿದಿರುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಸಾಗಬೇಕು, ಒಳಗಿನದು ಕಡಿಮೆ, ಆದರೆ ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಹಾಗಾದರೆ ಕಾರ್ಟ್ ತಿರುಗುವುದು ಹೇಗೆ? ಒಳಗಿನ ಹಿಂಚಕ್ರ ಕ್ಷಣಕಾಲ ನೆಲ ಬಿಟ್ಟು ಮೇಲೇಳಬೇಕು. ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಸ್ಟಬ್ ಆಕ್ಸಲ್‌ಗಳ (ಮುಂಚಕ್ರ ಕೂರುವ ಗಿಡ್ಡ ಆಕ್ಸಲ್‌ಗಳು) ಕ್ಯಾಸ್ಟರ್ ಕೋನದಿಂದ, ಅಂದರೆ ಅವು ತಿರುಗುವ ಗೂಟ ಹಿಂದಕ್ಕೆ ವಾಲಿರುವುದರಿಂದ, ಒಳಗಿನ ಮುಂಚಕ್ರ ಕೆಳಕ್ಕೆ ಒತ್ತುತ್ತದೆ, ಹೊರಗಿನದು ಮೇಲಕ್ಕೆ ಸರಿಯುತ್ತದೆ. ಚೌಕಟ್ಟು ತುಸು ತಿರುಚಿಕೊಳ್ಳುತ್ತದೆ, ಒಳಗಿನ ಹಿಂಚಕ್ರ ಹಗುರವಾಗುತ್ತದೆ. ಎಂದರೆ ಕೊಳವೆಯ ಆ ಚೌಕಟ್ಟೇ ಇಲ್ಲಿ ಸ್ಪ್ರಿಂಗ್. ನನ್ನ ಮೊದಲ ಚಾಸಿಯನ್ನು ಗಟ್ಟಿಯಾಗಲಿ ಎಂದು ಅಡ್ಡಪಟ್ಟಿಗಳನ್ನು ಹಾಕಿ ಹಾಕಿ ಬೆಸೆದೆ. ಅದು ಮುರಿಯಲಿಲ್ಲ ನಿಜ, ಆದರೆ ತಿರುಗಲೂ ಇಲ್ಲ. ಪ್ರತಿ ತಿರುವಿನಲ್ಲೂ ನೆಟ್ಟಗೆ ಹೋಗಲು ಹವಣಿಸುತ್ತಿತ್ತು.

ಆದ್ದರಿಂದ ಕಾರ್ಖಾನೆಯಲ್ಲಿ ಮಾಡಿದ ಹಳೆಯ ಚಾಸಿಯೊಂದನ್ನು ಕೊಳ್ಳಿ. ಕೊಳ್ಳುವ ಮೊದಲು ಬೆಸುಗೆಗಳ ಸುತ್ತ ಬಣ್ಣ ಕೆರೆದು ಬಿರುಕು ಹುಡುಕಿ. ನೆಲಕ್ಕೆ ಉಜ್ಜಿ ಕೊಳವೆಯ ಅಡಿಭಾಗ ಚಪ್ಪಟೆಯಾಗಿದೆಯೇ ನೋಡಿ. ಮೂಲೆಯಿಂದ ಎದುರು ಮೂಲೆಗೆ ಎರಡೂ ಕರ್ಣಗಳನ್ನು ಟೇಪಿನಿಂದ ಅಳೆಯಿರಿ, ಸಮವಿಲ್ಲದಿದ್ದರೆ ಚೌಕಟ್ಟು ಸೊಟ್ಟಗಾಗಿದೆ ಎಂದರ್ಥ. ಎಂಜಿನ್ ಕೂರುವ ತಟ್ಟೆ, ಚೈನ್ ಗಾರ್ಡ್, ಪೆಡಲ್‌ಗಳನ್ನು ನೀವಿಬ್ಬರೂ ಮಾಡಿ, ಅದರಲ್ಲೇ ಕಲಿಯುವುದು ಬೇಕಾದಷ್ಟಿದೆ.

ಎಂಜಿನ್ ಶುರು ಮಾಡುವ ಮುನ್ನ ಬ್ರೇಕ್ ಮುಗಿದಿರಲಿ. ಇದು ನನ್ನ ಹಟ. ಎಂಜಿನ್ ಒಮ್ಮೆ ಗುಡುಗಿದರೆ ಓಡಿಸದೆ ಇರಲು ಯಾರಿಂದಲೂ ಆಗುವುದಿಲ್ಲ. ವೇಗ ಎರಡರಷ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಥ್ರಾಟಲ್ ಪೆಡಲಿಗೆ ಒಂದು, ಕಾರ್ಬ್ಯುರೇಟರಿನ ಬಳಿ ಇನ್ನೊಂದು, ಹೀಗೆ ಕಾಲು ತೆಗೆದೊಡನೆ ಥ್ರಾಟಲ್ ಮುಚ್ಚುವಂತೆ ಎರಡು ಸ್ಪ್ರಿಂಗ್ ಹಾಕಿ. ಕೈಗೆ ಎಟಕುವಲ್ಲಿ ಎಂಜಿನ್ ನಿಲ್ಲಿಸುವ ಸ್ವಿಚ್ ಇರಲಿ. ಬಿಗಿದ ಪ್ರತಿ ಬೋಲ್ಟಿನ ಮೇಲೆ ಬಣ್ಣದ ಗೆರೆ ಎಳೆಯಿರಿ, ಸಡಿಲವಾದರೆ ಗೆರೆ ತುಂಡಾಗಿ ಕಾಣುತ್ತದೆ.

ಉತ್ತರ 2: ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ನಾನು ಇಪ್ಪತ್ತು ವರ್ಷ ಇತರರಿಗೆ ಎಂಜಿನ್ ಟ್ಯೂನ್ ಮಾಡಿಕೊಟ್ಟವಳು. ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ ಕೆಲವು ಕ್ಲೋರಿನ್ ಇರುವಂಥವು. ಅದರಿಂದ ಒರೆಸಿದ ಲೋಹ ಒಣಗುವ ಮೊದಲೇ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಹೊಸದಾಗಿ ವೆಲ್ಡಿಂಗ್ ಕಲಿತವರಿಗೆ ಇದನ್ನು ಹೇಳಿಕೊಡುವವರು ಕಡಿಮೆ. ಸತು ಲೇಪಿಸಿದ ಕೊಳವೆಯ ಹೊಗೆಯೂ ಜ್ವರ ಬರಿಸುತ್ತದೆ, ಲೇಪ ಉಜ್ಜಿ ತೆಗೆದು ಬಯಲಿನಲ್ಲಿ ಬೆಸೆಯಿರಿ.

ಎರಡನೆಯದು ಕಿವಿ. ಮೊದಲ ದಿನದಿಂದಲೇ ಇಬ್ಬರೂ ಇಯರ್ ಪ್ಲಗ್ ಹಾಕಿ. ನನ್ನ ಬಲಗಿವಿಯಲ್ಲಿ ಈಗ ಹಗಲೂ ರಾತ್ರಿ ಜೀರುಂಡೆಯ ಸದ್ದು. ಅದು ಹೋಗುವುದಿಲ್ಲ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಕೃತಜ್ಞತೆಗಳು. ಪಂಪಿನ ಎಂಜಿನ್ ಎಂದು ತೀರ್ಮಾನಿಸಿದೆವು. ಆದರೆ ಮಗಳು ಗವರ್ನರ್ ಕಿತ್ತುಹಾಕಿದರೆ ಇನ್ನೂ ವೇಗ ಬರುತ್ತದಲ್ಲವೇ ಎಂದು ಕೇಳುತ್ತಿದ್ದಾಳೆ. ಏನು ಹೇಳಲಿ?

ಉತ್ತರ 1ರವರು: ಬರುತ್ತದೆ ಎಂದೇ ಹೇಳಿ, ಸುಳ್ಳು ಹೇಳಬೇಡಿ. ಜೊತೆಗೆ ಇದನ್ನೂ ಹೇಳಿ. ಆ ಎಂಜಿನ್ನಿನ ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಎರಕದ್ದು, 3600 ಸುತ್ತನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಸುತ್ತು ಎರಡರಷ್ಟಾದರೆ ಅದನ್ನು ಹೊರಕ್ಕೆ ಸೀಳುವ ಬಲ ನಾಲ್ಕರಷ್ಟಾಗುತ್ತದೆ. ಒಡೆದರೆ ಚೂರುಗಳು ಗುಂಡಿನಂತೆ ಸಿಡಿಯುತ್ತವೆ, ಕಾರ್ಟಿನಲ್ಲಿ ಎಂಜಿನ್ ಇರುವುದು ಕುಳಿತವರ ಪಕ್ಕೆಯ ಬಳಿ. ಗವರ್ನರ್ ತೆಗೆಯಬೇಕೆಂದರೆ ಇಡೀ ಲೋಹದ ದಿಮ್ಮಿಯಿಂದ ಕಡೆದ ಫ್ಲೈವೀಲ್, ಬಲವಾದ ಕನೆಕ್ಟಿಂಗ್ ರಾಡ್, ಗಟ್ಟಿ ವಾಲ್ವ್ ಸ್ಪ್ರಿಂಗ್ ಮೊದಲು ಬರಬೇಕು.

ವೇಗದ ಹಸಿವು ಇರುವ ಹುಡುಗಿಗೆ ಬರ್ಟ್ ಮನ್ರೋ ಕಥೆ ಹೇಳಿ. ನ್ಯೂಜಿಲೆಂಡಿನವರು. 1920ರ ಇಂಡಿಯನ್ ಸ್ಕೌಟ್ ಬೈಕೊಂದನ್ನು ದಶಕಗಟ್ಟಲೆ ತಿದ್ದಿದರು, ಪಿಸ್ಟನ್‌ಗಳನ್ನು ತಾವೇ ಎರಕ ಹೊಯ್ಯುತ್ತಿದ್ದರು. ಹೊಸದಿದ್ದಾಗ ಗಂಟೆಗೆ 90 ಕಿಲೋಮೀಟರಿನ ಆಸುಪಾಸು ಓಡುತ್ತಿದ್ದ ಆ ಬೈಕನ್ನು 1967ರಲ್ಲಿ ಅಮೆರಿಕದ ಬಾನವಿಲ್ ಉಪ್ಪಿನ ಬಯಲಿನಲ್ಲಿ 295 ಕಿಲೋಮೀಟರಿಗೂ ಮಿಕ್ಕ ದಾಖಲೆಗೆ ಓಡಿಸಿದಾಗ ಅವರಿಗೆ 68 ವರ್ಷ. ಒಡೆದ ಭಾಗಗಳನ್ನು ಎಸೆಯದೆ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದರು. ನನ್ನ ಕಚ್ಚಿಕೊಂಡ ಪಿಸ್ಟನ್ ಕೂಡ ಮೇಜಿನ ಮೇಲಿದೆ, ಪಕ್ಕದಲ್ಲಿ ಉದ್ದುದ್ದ ಗೀರುಗಳಿವೆ.

ಅವಳಿಗೊಂದು ನೋಟ್‌ಬುಕ್ ಕೊಡಿಸಿ. ದಿನಾಂಕ, ಗಾಳಿಯ ಉಷ್ಣತೆ, ಟೈರಿನ ಒತ್ತಡ, ಸ್ಪ್ರಾಕೆಟ್ ಹಲ್ಲು, ಸುತ್ತಿನ ಸಮಯ. ಒಂದು ಬಾರಿಗೆ ಒಂದೇ ಬದಲಾವಣೆ, ಐದು ಸುತ್ತು, ಬರೆಯುವುದು. ನಾನು ಜೆಟ್, ಸೈಲೆನ್ಸರ್, ಸ್ಪ್ರಾಕೆಟ್ ಮೂರನ್ನೂ ಒಂದೇ ಮಧ್ಯಾಹ್ನ ಬದಲಿಸಿ, ವೇಗ ಹೆಚ್ಚಿದ್ದು ಯಾವುದರಿಂದ ಎಂದು ತಿಳಿಯದೆ ಎರಡು ತಿಂಗಳು ಕಳೆದಿದ್ದೇನೆ.

ಚಾಸಿ ಸಿಕ್ಕಾಗ ಎರಡು ಕರ್ಣಗಳ ಅಳತೆಯನ್ನು ಇಲ್ಲಿ ಬರೆಯಿರಿ. ವ್ಯತ್ಯಾಸ ಹೆಚ್ಚಿದ್ದರೆ ದುಡ್ಡು ಕೊಡುವ ಮೊದಲೇ ಮಾತಾಡೋಣ.