ಬದುಕಿದ್ದ ಮಾವನನ್ನು ಟಿವಿಯಲ್ಲಿ ಸತ್ತ ಅಂದರು. ಆ ಆಂಕರನ್ನು ತೆಗೆಸಲು ಸರ್ಕಾರಕ್ಕೆ ಅರ್ಜಿ ಕೊಡಬಹುದಾ?

ಗಂಗಾವಳಿ ದಡದವಳು, ಅಂಕೋಲಾ

2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಾಟಿ ಗಂಗಾವಳಿಗೆ ಬಿತ್ತಲ್ಲ, ಆಗ ಉಕ್ಕಿದ ನೀರು ಆಚೆ ದಡದ ಉಳುವರೆಗೆ ನುಗ್ಗಿತ್ತು. ನನ್ನ ಸೋದರಮಾವನ ಮನೆ ಇದ್ದದ್ದು ಅಲ್ಲೇ. ಗೋಡೆ, ಹಂಚು, ಕೊಟ್ಟಿಗೆ ಎಲ್ಲ ಹೋಯಿತು, ಮಾವ ಉಳಿದ. ಅವನು ಕಾಳಜಿ ಕೇಂದ್ರದಲ್ಲಿ ಕೂತು ಗಂಜಿ ಉಣ್ಣುತ್ತಿದ್ದ ಹೊತ್ತಿಗೆ ಒಂದು ಚಾನೆಲ್ಲಿನಲ್ಲಿ ಅವನ ಫೋಟೋ, ಕೆಳಗೆ ‘ಮಣ್ಣಿನಡಿ ಸಮಾಧಿ’ ಅಂತ ಬರಹ. ಸ್ಟುಡಿಯೋದಲ್ಲಿದ್ದ ಆಂಕರ್ ಅವನ ಹೆಸರನ್ನು ಮತ್ತೆ ಮತ್ತೆ ಕೂಗಿದ, ಹಿಂದೆ ಮ್ಯೂಸಿಕ್ಕು.

ಮಾವನ ಫೋನು ನೀರಿಗೆ ಹೋಗಿತ್ತು. ಮಡಗಾಂವಿನಲ್ಲಿರುವ ಅವನ ಮಗಳು ಟಿವಿ ನೋಡಿ ಅಪ್ಪ ಹೋದ ಅಂತಲೇ ನಂಬಿದಳು. ಸುತ್ತಿ ಬಳಸಿ ಊರು ಮುಟ್ಟುವಾಗ ಮರುದಿನ ಮಧ್ಯಾಹ್ನ. ಆ ಒಂದು ರಾತ್ರಿಯ ಬಗ್ಗೆ ಅವಳು ಇವತ್ತಿಗೂ ಮಾತಾಡುವುದಿಲ್ಲ.

ನಾನು ಚಾನೆಲ್ಲಿಗೆ ಫೋನ್ ಮಾಡಿದೆ. ಫೋಟೋ ತೆಗೆದರು. ತಪ್ಪಾಯಿತು ಅಂತ ಒಂದು ಮಾತು ಹೇಳಲಿಲ್ಲ. ಆ ವಿಡಿಯೋ ಯೂಟ್ಯೂಬಿನಲ್ಲಿ ಈಗಲೂ ಇದೆ, ಮಳೆಗಾಲ ಬಂದರೆ ಯಾರಾದರೂ ಕಳಿಸುತ್ತಾರೆ. ಅಮೆರಿಕದಲ್ಲಿ 2025ರ ಸೆಪ್ಟೆಂಬರಿನಲ್ಲಿ ಟಿವಿ ಹಾಸ್ಯಗಾರ ಜಿಮ್ಮಿ ಕಿಮ್ಮೆಲ್‌ನ ಶೋ ನಿಲ್ಲಿಸಿದರಲ್ಲ. ನಮ್ಮ ಸರ್ಕಾರಕ್ಕೆ ಆ ಅಧಿಕಾರ ಇಲ್ಲವಾ? ಇದ್ದರೆ ಅರ್ಜಿ ಎಲ್ಲಿ ಕೊಡಬೇಕು, ತಿಳಿದವರು ಹೇಳಿ.

ನಿವೃತ್ತ ಗುಮಾಸ್ತ, ಕಾರವಾರ

ತಂಗಿ, ಓದಿ ಹೊಟ್ಟೆ ಉರಿಯಿತು. ಕೇಬಲ್ ಟಿವಿ ಮೇಲೆ ಕಣ್ಣಿಡಲು ಜಿಲ್ಲೆಗೊಂದು ಸಮಿತಿ ಅಂತ ಇದೆ, ಅದಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು, ಎಸ್‌ಪಿ ಸಾಹೇಬರು ಸದಸ್ಯರು. ಹಾಗಾಗಿ ಒಂದು ಅರ್ಜಿಯನ್ನು ಇಲ್ಲಿ ಡಿಸಿ ಆಫೀಸಿಗೆ ಕೊಡಿ. ಊರಿನ ಕೇಬಲ್‌ನವರೇ ನಡೆಸುವ ಲೋಕಲ್ ಚಾನೆಲ್ ಆದರೆ ಇಲ್ಲೇ ಕ್ರಮ ಆಗುತ್ತದೆ. ಬೆಂಗಳೂರಿನ ಸ್ಯಾಟಲೈಟ್ ಚಾನೆಲ್ ಆದರೆ ಇಲ್ಲಿಂದ ಮೇಲಕ್ಕೆ ಕಳಿಸಬೇಕು, ತಡವಾಗುತ್ತದೆ. ಆದರೂ ಕೊಡಿ, ಇನ್‌ವರ್ಡ್ ನಂಬರ್ ಬರೆಸಿಕೊಳ್ಳದೆ ಆಫೀಸು ಬಿಡಬೇಡಿ.

ವಕೀಲೆ, ಕುಮಟಾ

1995ರ ಕೇಬಲ್ ಟಿವಿ ಕಾಯ್ದೆಯಲ್ಲಿ ಸರ್ಕಾರ ಕಾರ್ಯಕ್ರಮ ನಿಲ್ಲಿಸಬಹುದು, ಚಾನೆಲ್ಲನ್ನೇ ನಿಲ್ಲಿಸಬಹುದು. ಇಂಥ ಆಂಕರ್ ಇನ್ನು ಪರದೆ ಮೇಲೆ ಬರಕೂಡದು ಅನ್ನುವ ಅಧಿಕಾರ ಅದರಲ್ಲಿಲ್ಲ. ಇರಬಾರದು ಅಂತಲೇ ನನ್ನ ಗಟ್ಟಿ ಅಭಿಪ್ರಾಯ.

ಕಿಮ್ಮೆಲ್ ವಿಷಯವನ್ನೇ ನೋಡಿ ಅಕ್ಕ. ಅಲ್ಲಿನ ಪ್ರಸಾರ ಆಯೋಗದ ಅಧ್ಯಕ್ಷರು ಅವನ ಶೋ ನಡೆಸುವ ಎಬಿಸಿ ಚಾನೆಲ್ಲಿಗೆ ಬೆದರಿಕೆಯ ಧಾಟಿಯಲ್ಲಿ ಮಾತಾಡಿದ್ದು ಸೆಪ್ಟೆಂಬರ್ 17ಕ್ಕೆ, ಅದೇ ಸಂಜೆ ಶೋ ನಿಂತಿತು. ಜನ ಗಲಾಟೆ ಮಾಡಿದ ಮೇಲೆ 23ಕ್ಕೆ ಮತ್ತೆ ಶುರುವಾಯಿತು. ಅಲ್ಲಿ ನಿಮ್ಮ ಮಾವನಂಥವರು ಯಾರೂ ದೂರು ಕೊಟ್ಟಿರಲಿಲ್ಲ, ಸಿಟ್ಟು ಬಂದದ್ದು ಕುರ್ಚಿಯಲ್ಲಿದ್ದವರಿಗೆ. ನಮ್ಮಲ್ಲೂ ನೋಡಿದ್ದೇವೆ. ಮಲಯಾಳಂನ ಮೀಡಿಯಾ ಒನ್ ಚಾನೆಲ್ಲನ್ನು 2022ರ ಜನವರಿ 31ರಂದು ಕೇಂದ್ರ ಸರ್ಕಾರದವರು ನಿಲ್ಲಿಸಿದರು, ಕಾರಣವನ್ನು ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಕೊಟ್ಟರು. ಏನು ತಪ್ಪು ಅಂತ ತಿಳಿಯದೆ ಚಾನೆಲ್‌ನವರು ವಾದ ಮಾಡುವುದಾದರೂ ಹೇಗೆ? 2023ರ ಏಪ್ರಿಲ್ 5ಕ್ಕೆ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಆ ಅಧಿಕಾರವನ್ನು ಇನ್ನಷ್ಟು ಬೆಳೆಸಿ ಅಂತ ನಾವೇ ಅರ್ಜಿ ಹಾಕುವುದು ಬೇಡ.

ನಿಮ್ಮ ದಾರಿ ಬೇರೆ. ಕೇಬಲ್ ಟಿವಿ ನಿಯಮಗಳ 2021ರ ಜೂನ್ ತಿದ್ದುಪಡಿಯಲ್ಲಿ ದೂರಿಗೆ ಮೂರು ಹಂತ ಮಾಡಿದ್ದಾರೆ. ಮೊದಲು ಚಾನೆಲ್ಲಿಗೇ ಬರೆಯಬೇಕು, ಅವರು 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ಚಾನೆಲ್‌ಗಳ ಸ್ವನಿಯಂತ್ರಣ ಸಂಸ್ಥೆಗೆ, ಸುದ್ದಿ ಚಾನೆಲ್ಲಾದರೆ ಎನ್‌ಬಿಡಿಎಸ್‌ಎಗೆ ಹೋಗಬಹುದು, ಆ ಚಾನೆಲ್ ಅದರ ಸದಸ್ಯ ಆಗಿದ್ದರೆ. ಕೊನೆಗೆ ಕೇಂದ್ರ ಸರ್ಕಾರ. ಎನ್‌ಬಿಡಿಎಸ್‌ಎ ಹಾಕುವ ದಂಡ 2023ರಲ್ಲಿ ಹೆಚ್ಚೆಂದರೆ 1 ಲಕ್ಷ ಇತ್ತು, ಅದು ಏತಕ್ಕೂ ಸಾಲದು ಅಂತ ಸುಪ್ರೀಂ ಕೋರ್ಟೇ ಆಗ ಬೇಸರಪಟ್ಟಿತ್ತು. ಆದರೆ ಕ್ಷಮೆ ಪ್ರಸಾರ ಮಾಡಿ, ವಿಡಿಯೋ ಅಳಿಸಿ ಅಂತ ಅದು ಹೇಳಬಲ್ಲದು. ಹಳೆಯ ಪ್ರಸಾರಕ್ಕೆ ಅವಧಿ ಮೀರಿತು ಅಂದಾರು. ವಿಡಿಯೋ ಇವತ್ತಿಗೂ ಇದೆ ಅನ್ನುವುದನ್ನು ಮೊದಲ ಸಾಲಲ್ಲೇ ಬರೆಯಿರಿ.

ಶಿರಸಿ ಮಾಸ್ತರು

ವಕೀಲರ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆ. ಸರ್ಕಾರ ತೆಗೆಯಬಾರದು, ಸರಿ. ಚಾನೆಲ್ಲೇ ಯಾಕೆ ಕೂರಿಸಬಾರದು? 2021ರ ಜನವರಿಯಲ್ಲಿ ಟಿವಿ ಪತ್ರಕರ್ತ ರಾಜದೀಪ್ ಸರ್ದೇಸಾಯಿಯವರನ್ನು ಒಂದು ತಪ್ಪು ಟ್ವೀಟಿಗೆ ಅವರ ಚಾನೆಲ್ಲು ಎರಡು ವಾರ ಪರದೆಯಿಂದ ಇಳಿಸಿತ್ತು. 2023ರ ಜನವರಿಯಲ್ಲಿ ದ್ವೇಷಭಾಷಣದ ಕೇಸಿನಲ್ಲಿ ಎಷ್ಟು ಸಲ ಆಂಕರ್‌ಗಳನ್ನು ತೆಗೆದಿದ್ದೀರಿ ಅಂತ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ ಕೇಳಿದ್ದರು. ಬದುಕಿದ್ದವರನ್ನು ಸತ್ತರು ಅಂದವನು ಮರುದಿನ ಅದೇ ಕುರ್ಚಿಯಲ್ಲಿ ಕೂತು ಅದೇ ದನಿ ತೆಗೆಯುತ್ತಾನೆ ಅಂದರೆ ಮನಸ್ಸು ಒಪ್ಪುವುದಿಲ್ಲ.

ಗಂಗಾವಳಿ ದಡದವಳು, ಅಂಕೋಲಾ

ಎಲ್ಲರ ಉತ್ತರವನ್ನೂ ಮಾವನಿಗೆ ಓದಿ ಹೇಳಿದೆ. ಆಂಕರನ್ನು ತೆಗೆಯುವ ಮಾತು ಬಂದಾಗ ಅವನು, ‘ಅಂವ ಮನೆಗೆ ಹೋದರೆ ನನಗೇನು ಬಂತು? ಅದೇ ಹೊತ್ತಿಗೆ, ಅದೇ ಬಾಯಲ್ಲಿ, ಇಂವ ಬದುಕಿದ್ದಾನೆ ಅನ್ನಲಿ’ ಅಂದ. ಮಗಳು ಒಳಗೆ ಎದ್ದು ಹೋದಳು.

ಹಾಗಾಗಿ ನಾನು ಕೇಳುವುದು ಎರಡೇ: ವಿಡಿಯೋ ತೆಗೆಯಬೇಕು, ಸಂಜೆ ಅದೇ ಕಾರ್ಯಕ್ರಮದಲ್ಲಿ ಕ್ಷಮೆ ಹೇಳಬೇಕು. ದಿನಾಂಕ, ಸಮಯ, ಪರದೆ ಮೇಲಿನ ಬರಹ, ಎಷ್ಟನೇ ನಿಮಿಷದಲ್ಲಿ ಮಾವನ ಫೋಟೋ ಬರುತ್ತದೆ, ಎಲ್ಲ ಬರೆದಿಟ್ಟೆ. ನಾಳೆ ಚಾನೆಲ್ಲಿಗೆ ಇಮೇಲ್ ಹೋಗುತ್ತದೆ, ರಿಜಿಸ್ಟರ್ಡ್ ಪೋಸ್ಟೂ ಮಾಡುತ್ತೇನೆ. ಸೋಮವಾರ ಕಾರವಾರಕ್ಕೆ ಬರುತ್ತೇನೆ. ಗುಮಾಸ್ತರೇ, ಡಿಸಿ ಆಫೀಸಿಗೆ ವಿಡಿಯೋ ಪೆನ್‌ಡ್ರೈವಿನಲ್ಲಿ ಕೊಟ್ಟರೆ ತಕ್ಕೊಳ್ಳುತ್ತಾರಾ, ಸಿಡಿಯೇ ಮಾಡಿಸಬೇಕಾ?