ಪದಚರ್ಚೆ: ‘ಇಂಟರಾಕ್ಟಿವ್ ಮ್ಯೂರಲ್’ಗೆ ‘ಸಂವಾದಿ ಭಿತ್ತಿಚಿತ್ರ’ ಸರಿಯೆ?

ಪ್ರಶ್ನೆ: ಮುಟ್ಟಿದರೆ ದನಿ ಹೊರಡಿಸುವ, ಮಳೆ ಬಿದ್ದಾಗಷ್ಟೇ ಕಾಣುವ, ಸೆಕೆಗೆ ಬಣ್ಣ ಬದಲಿಸುವ ಬೀದಿಚಿತ್ರಗಳಿಗೆಲ್ಲ ಇಂಗ್ಲಿಷಿನಲ್ಲಿ ಇದೊಂದೇ ಹೆಸರು. ಕನ್ನಡದಲ್ಲಿ ‘ಸಂವಾದಿ ಭಿತ್ತಿಚಿತ್ರ’ ಅನ್ನೋಣವೆ, ‘ಸ್ಪಂದಿಸುವ ಗೋಡೆಚಿತ್ರ’ ಅನ್ನೋಣವೆ?

ಉತ್ತರ: ‘ಸಂವಾದಿ’ ಬೇಡ. ಸಂಗೀತದವರಿಗೆ ಅದು ವಾದಿಗೆ, ಅಂದರೆ ರಾಗದ ಮುಖ್ಯ ಸ್ವರಕ್ಕೆ, ಹೊಂದುವ ಸ್ವರ, ನಿಘಂಟಿನವರಿಗೆ ಸಮಾನಾರ್ಥದ ಮಾತು. ‘ಸ್ಪಂದನ’ದ ಮೂಲಾರ್ಥ ಮಿಡಿತ, ಅದುರುವಿಕೆ. ‘ಮನವಿಗೆ ಸ್ಪಂದಿಸಿದರು’ ಎಂದು ಪತ್ರಿಕೆಗಳು ಬರೆದೂ ಬರೆದೂ ಈಗಿನ ಅರ್ಥ ಅಂಟಿದೆ; ತಪ್ಪಲ್ಲ, ಸವೆದ ನಾಣ್ಯ ಅಷ್ಟೆ. ಮುಟ್ಟಿದರೆ ನುಡಿಯುವುದಕ್ಕೆ ‘ಓಗೊಡು’ ಇದೆಯಲ್ಲ! ಕರೆದಾಗ ‘ಓ’ ಅನ್ನುವುದು. ಓಗೊಡುವ ಗೋಡೆ.

ಇಂಥ ಗೋಡೆಗೆ ಬಳಿಯುವುದು ಕಾರ್ಬನ್ ಬೆರೆಸಿದ, ವಿದ್ಯುತ್ ಹರಿಯುವ ಕಪ್ಪು ಬಣ್ಣ. ಬೆರಳು ತಾಗಿದರೆ ಅದರ ಕೆಪಾಸಿಟೆನ್ಸ್ (ವಿದ್ಯುದಂಶ ಹಿಡಿದಿಡುವ ಶಕ್ತಿ) ಬದಲಾಗುತ್ತದೆ, ಹಿಂದಿರುವ ಸರ್ಕ್ಯೂಟ್ ಅದನ್ನು ಗುರುತಿಸಿ ಸ್ಪೀಕರಿಗೆ ದನಿ ಕಳಿಸುತ್ತದೆ. ಈ ಬಣ್ಣಕ್ಕೆ ಬೆಸುಗೆ ಹಿಡಿಯದು. ಗೋಡೆ ಕೊರೆದು ಬೋಲ್ಟ್ ತೂರಿಸಿ, ಅದರ ತಲೆಯ ಮೇಲೂ ಬಣ್ಣ ಹಾಯಿಸಿ, ತಂತಿಯನ್ನು ಹಿಂದುಗಡೆ ಬಿಗಿಯಬೇಕು. ಗೋಡೆ ತೇವ ಹಿಡಿದಿದ್ದರೆ ವಿದ್ಯುತ್ ತೇವದಲ್ಲೂ ಹರಿದು, ಯಾರೂ ಕರೆಯದಿದ್ದರೂ ಗೋಡೆ ‘ಓ’ ಅನ್ನುತ್ತಿರುತ್ತದೆ. ಅದಕ್ಕೇ ಕೆಳಗೆ ತೇವ ತಡೆಯುವ ಪ್ರೈಮರ್, ಮೇಲೆ ವಾರ್ನಿಷ್. ತೆಳ್ಳನೆ ವಾರ್ನಿಷ್ ಇದ್ದರೂ ಬೆರಳು ತಾಗಿದ್ದು ಸರ್ಕ್ಯೂಟಿಗೆ ತಿಳಿಯುತ್ತದೆ.

ಇನ್ನೊಬ್ಬರ ಉತ್ತರ: ಓಗೊಡು ಸೊಗಸಾಗಿದೆ, ಆದರೆ ಮಳೆ ಯಾರನ್ನೂ ಕರೆಯುವುದಿಲ್ಲವಲ್ಲ. ಅಲ್ಲಿ ‘ಮೂಡು’ ಸಾಕು: ಮಳೆಗೆ ಮೂಡುವ ಚಿತ್ರ. ಅಮೆರಿಕದ ಸಿಯಾಟಲ್‌ನಲ್ಲಿ ಕಾಲುದಾರಿಗಳ ಮೇಲೆ ಮಾಡಿದ್ದು ಇದನ್ನೇ. ಕೊರೆದ ಅಚ್ಚು ಇಟ್ಟು, ನೀರು ಅಂಟದ ದ್ರವವನ್ನು ಒಣ ಕಾಂಕ್ರೀಟಿಗೆ ಸಿಂಪಡಿಸುತ್ತಾರೆ. ಮಳೆ ಬಂದಾಗ ಸುತ್ತಲ ನೆಲ ನೆನೆದು ಕಪ್ಪಾಗುತ್ತದೆ, ಸಿಂಪಡಿಸಿದ ಭಾಗ ಒಣಗಿಯೇ ಉಳಿದು ಬೆಳ್ಳಗೆ ಕಾಣುತ್ತದೆ. ಎಮಲ್ಷನ್ ಬಳಿದ ಗೋಡೆಗೆ ಇದು ಆಗದು; ನೀರು ಹೀರದ ಮೈ ಕಪ್ಪಾಗುವುದೇ ಇಲ್ಲ. ಜನ ತುಳಿದಂತೆ ಲೇಪ ಸವೆಯುವುದಂತೂ ಇದ್ದದ್ದೇ.

ಸೆಕೆಗೆ ಬದಲಾಗುವುದಕ್ಕೆ ‘ಗೋಸುಂಬೆ ಚಿತ್ರ’ ಎಂದು ಯಾರಾದರೂ ಸೂಚಿಸಿಯಾರು. ಕನ್ನಡದಲ್ಲಿ ಅದು ಬೈಗುಳ. ‘ಬಿಸಿಗೆ ಮಾಸುವ’ ಎಂದರೂ ಎಡವಟ್ಟು, ಮಾಸಿದ್ದು ಮರಳುವುದಿಲ್ಲ. ಈ ಬಣ್ಣ ಮರಳುತ್ತದೆ, ಹಾಗಾಗಿ ‘ಅಡಗು’. ಸಾಮಾನ್ಯವಾಗಿ ಸಿಗುವ ಬಗೆ 31 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಣ್ಣ ಬಿಡುತ್ತದೆ, ತಣಿದರೆ ಮತ್ತೆ ಕೂಡಿಕೊಳ್ಳುತ್ತದೆ. ಕಲಬುರಗಿಯ ಏಪ್ರಿಲ್‌ನಲ್ಲಿ ಪಡುವಣ ಗೋಡೆಗೆ ಬಳಿದರೆ ಕತ್ತಲಾದರೂ ಚಿತ್ರ ಹೊರಬರುವುದು ಅನುಮಾನ. ನೆರಳಿನ ಗೋಡೆಯೇ ಬೇಕು. ಬಿಸಿಲಿನ ನೇರಳಾತೀತ ಕಿರಣ ಬಡಿದು ಬಡಿದು ಈ ಬಣ್ಣ ಬದಲಾಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಆಗ ಮಾತ್ರ ‘ಮಾಸಿತು’ ಅನ್ನಿ.

ಪ್ರಶ್ನೆ ಕೇಳಿದವರು: ಮಲೇಷ್ಯಾದ ಪೆನಾಂಗಿನ ಜಾರ್ಜ್‌ಟೌನ್‌ನಲ್ಲಿ 2012ರಲ್ಲಿ ಗೋಡೆಗೆ ನಿಜವಾದ ಸೈಕಲ್ಲನ್ನೇ ನಿಲ್ಲಿಸಿ, ಅದರ ಮೇಲೆ ಮಕ್ಕಳನ್ನು ಬರೆದದ್ದು? 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಇಟ್ಟ ಮೊಸಳೆಯ ಪ್ರತಿಕೃತಿ?

ಉತ್ತರ: ಅವು ಓಗೊಡುವುದೂ ಇಲ್ಲ, ಅಡಗುವುದೂ ಇಲ್ಲ, ಪಕ್ಕಕ್ಕೆ ಹೋಗಿ ನಿಂತು ಚಿತ್ರದೊಳಗೆ ಸೇರಿಕೊಳ್ಳುವವರು ನಾವು. ‘ಇದ್ದಲ್ಲೇ ಒಪ್ಪುವ ಚಿತ್ರ’ ಎನ್ನಬಹುದೇನೊ. ಮೊಸಳೆಯ ವಿಷಯದಲ್ಲಿ ‘ಭಿತ್ತಿ’ಯನ್ನೂ ಕೈಬಿಡಬೇಕು, ಅಲ್ಲಿ ಗೋಡೆಯೇ ಇರಲಿಲ್ಲ.